ಅಪ್ಪನ ಖಾತೆಯಿಂದ 1.84 ಲಕ್ಷ ಹೋಯ್ತು, ಬ್ಯಾಂಕಲ್ಲಿ ‘ತಪ್ಪು ನಿಮ್ದೇ’ ಅಂತಾರೆ. ಯಾರಿಗಾದ್ರೂ ಹೀಗಾಗಿದ್ಯಾ?

ನಮ್ದು ಕೊಡಗಿನ ನಾಪೋಕ್ಲು ಹತ್ರ. ಅಪ್ಪಂಗೆ 71. ಶುಕ್ರವಾರ ಸಂಜೆ ಗೊತ್ತಿರೋರ ನಂಬರಿಂದಲೇ ವಾಟ್ಸಾಪಲ್ಲಿ ಮದುವೆ ಕಾಗದ ಬಂತು, ಅದು ಫೋಟೋ ಅಲ್ಲ, ಫೋನಿಗೆ ಆ್ಯಪ್ ಹಾಕೋ ಎಪಿಕೆ ಫೈಲು, ಅಪ್ಪ ಒತ್ತಿ ಇನ್‌ಸ್ಟಾಲ್ ಮಾಡಿದಾರೆ. ರಾತ್ರಿ ಹನ್ನೊಂದರ ಸುಮಾರಿಗೆ ಮೂರು ಸಲ ದುಡ್ಡು ಹೋಗಿದೆ, ಕಾಫಿ ಮಾರಿದ ದುಡ್ಡು. ಬೆಳಿಗ್ಗೆ ನೋಡಿದಾಗ ಗಾಳಿಮಳೆಗೆ ಕರೆಂಟೂ ಇಲ್ಲ ಟವರೂ ಇಲ್ಲ, ನಾನು ಮೂರ್ನಾಡಿಗೆ ಬಂದು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡೋಷ್ಟೊತ್ತಿಗೆ ಮಧ್ಯಾಹ್ನ. ಸೋಮವಾರ ಬ್ಯಾಂಕಿಗೆ ಹೋದ್ರೆ ‘ಒಟಿಪಿ ನಾನೇ ಕೊಟ್ಟೆ ಅಂತ ಬರೆದುಕೊಡಿ’ ಅಂತಿದಾರೆ. ಅಪ್ಪ ಯಾರಿಗೂ ಒಟಿಪಿ ಹೇಳಿಲ್ಲ. ಏನ್ ಮಾಡ್ಲಿ?

ಕುಶಾಲನಗರದಿಂದ

ಬೇಜಾರಾಗ್ಬೇಡಿ, ಆದ್ರೆ ಫೈಲ್ ಒತ್ತಿದ್ದು ಅಪ್ಪನೇ ತಾನೆ? ದಿನಾ ಪೇಪರಲ್ಲಿ ಬರುತ್ತೆ, ಕಾಲ್ ಮಾಡಿದ್ರೆ ಕಾಲರ್ ಟ್ಯೂನಲ್ಲೂ ಹೇಳ್ತಿದ್ರು. ಬ್ಯಾಂಕಿನವ್ರು ಎಲ್ಲಾರ ಮನೆಗೂ ಬಂದು ಫೋನ್ ಕಾಯಕ್ಕಾಗುತ್ತಾ?

ಕಕ್ಕಬೆ ಕಡೆಯಿಂದ, ಹೋಂಸ್ಟೇ ನಡೆಸ್ತೀನಿ

ಮೇಲಿನೋರೆ, ನಾನೂ ಹಿಂಗೇ ಮಾತಾಡ್ತಿದ್ದೆ ಮಾರಾಯ್ರೆ, ನನಗೇ ಬೀಳೋವರೆಗೆ. ಮೂರ್ನಾಲ್ಕು ವರ್ಷದ ಹಿಂದೆ ಒಬ್ಬ ಫೋನ್ ಮಾಡಿ ಆರ್ಮಿ ಆಫೀಸರ್, ನಾಲ್ಕು ರೂಮ್ ಬೇಕು ಅಂದ. ಇಲ್ಲಿ ಆರ್ಮಿ ಅಂದ್ರೆ ಗೊತ್ತಲ್ಲ, ಕಾರ್ಯಪ್ಪ ತಿಮ್ಮಯ್ಯ ಹುಟ್ಟಿದ ಜಿಲ್ಲೆ, ನಮ್ಮನೆ ಗೋಡೆ ಮೇಲೂ ಯೂನಿಫಾರ್ಮಿನ ಎರಡು ಫೋಟೋ ಇದೆ, ಅನುಮಾನ ಪಡೋಕೇ ನಾಚಿಕೆ. ಅವನು ಐಡಿ ಕಾರ್ಡು ಕಳಿಸಿದ, ಮೊದ್ಲು ಒಂದು ರೂಪಾಯಿ ಹಾಕಿದ, ಬಂತು. ಆಮೇಲೆ ‘ಅಡ್ವಾನ್ಸಿಗೆ ರಿಕ್ವೆಸ್ಟ್ ಬಂದಿದೆ ನೋಡಿ ಸಾರ್, ಪಿನ್ ಹಾಕಿ, ದುಡ್ಡು ನಿಮ್ಗೆ ಬೀಳುತ್ತೆ’ ಅಂದ. ಹಾಕಿದೆ. 18,000 ಹೋಯ್ತು. ಮನೇಲಿ ಹೆಂಡ್ತಿಗೆ ಹೇಳೋಕೆ ಮೂರು ದಿನ ಬೇಕಾಯ್ತು, ನಾಚಿಕೆಗೇ ಕಂಪ್ಲೇಂಟ್ ಕೊಡ್ಲಿಲ್ಲ.

ಆಗ ಎಲ್ಲರೂ ಹೇಳಿದ್ದು ‘ನೋಡಿ ಒತ್ಬೇಕಿತ್ತು’. ವರ್ಷಗಟ್ಟಲೆ ಅದೇ ಬುದ್ಧಿಮಾತು, ಜನ ಬೀಳ್ತಾನೇ ಇದ್ರು. 2025ರ ಅಕ್ಟೋಬರ್ 1ರಿಂದ, ಯುಪಿಐ ನಡೆಸೋ ಎನ್‌ಪಿಸಿಐನೋರು ಒಬ್ಬರಿಂದೊಬ್ಬರಿಗೆ ಹಂಗೆ ದುಡ್ಡು ಕೇಳೋ ಕಲೆಕ್ಟ್ ರಿಕ್ವೆಸ್ಟನ್ನೇ ಯುಪಿಐನಲ್ಲಿ ನಿಲ್ಲಿಸಿದ್ರು. ಮುಗೀತು, ಆ ಬಾಗಿಲೇ ಮುಚ್ಚೋಯ್ತು. ಇದನ್ನ ಮೊದ್ಲೇ ಮಾಡಿದ್ರೆ ನನ್ನ ಹದಿನೆಂಟು ಸಾವಿರ ಉಳೀತಿತ್ತಲ್ಲ ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ. ನಾನು ದಡ್ಡ, ಒಪ್ತೀನಿ, ಆದ್ರೆ ಬಾಗಿಲು ಇಟ್ಟೋರು ನಾನಲ್ಲ.

ವಿರಾಜಪೇಟೆಯಿಂದ, ಬ್ಯಾಂಕಲ್ಲಿ 30 ವರ್ಷ ದುಡಿದು ರಿಟೈರ್ ಆದವ

ಮೊದ್ಲು ಆ ಕಾಗದಕ್ಕೆ ಸೈನ್ ಹಾಕ್ಬೇಡಿ!! ಒಟಿಪಿ ಕೊಟ್ಟೆ ಅಂತ ಬರೆದುಕೊಟ್ರೆ ಕೇಸು ಅಲ್ಲೇ ಸತ್ತೋಯ್ತು. 2017ರಲ್ಲಿ ಆರ್‌ಬಿಐ ತಂದ ನಿಯಮದಲ್ಲಿ ತಪ್ಪು ಗ್ರಾಹಕಂದು ಅಂತ ರುಜುವಾತು ಮಾಡೋ ಹೊಣೆ ಬ್ಯಾಂಕಿಂದೇ. ಬ್ಯಾಂಕಿಂದೂ ಗ್ರಾಹಕಂದೂ ಅಲ್ಲದ ಕಡೆ ಸಿಸ್ಟಮಲ್ಲಿ ಲೋಪ ಆಗಿದ್ದು, ಮೆಸೇಜ್ ಬಂದು 3 ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕಂಗೆ ಹೊಣೆ ಸೊನ್ನೆ. 4ರಿಂದ 7 ದಿನ ಆದ್ರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚಂದ್ರೆ 10,000. ಪಿನ್ನೋ ಪಾಸ್‌ವರ್ಡೋ ನೀವೇ ಹೇಳೋ ಥರದ ನಿರ್ಲಕ್ಷ್ಯ ನಿಮ್ದಾದ್ರೆ, ತಿಳಿಸೋವರೆಗಿನ ನಷ್ಟ ನಿಮ್ದು, ತಿಳಿಸಿದ ಮೇಲೆ ಹೋಗಿದ್ದು ಬ್ಯಾಂಕಿಂದು. ಎಪಿಕೆ ಹಾಕಿದ್ದೇ ನಿರ್ಲಕ್ಷ್ಯ ಅಂತ ಅವರು ವಾದ ಮಾಡೇ ಮಾಡ್ತಾರೆ, ಮಾಡ್ಲಿ, ಬರವಣಿಗೇಲಿ ಮಾಡ್ಲಿ. ಆಗಿದ್ದನ್ನ ಆಗಿದ್ದ ಹಾಗೆ ಕನ್ನಡದಲ್ಲೇ ಬರೆದು ಕೊಡಿ, ಇನ್ನೊಂದು ಪ್ರತಿ ಮೇಲೆ ಸೀಲು ತಾರೀಕು ಹಾಕಿಸ್ಕೊಳ್ಳಿ. ಕೌಂಟರಲ್ಲಿ ಬಾಯಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರಲ್ಲ, ನಾನೇ ಎಷ್ಟೋ ಸಲ ಮರೆತಿದೀನಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಥವಾ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಬ್ಯಾಂಕಿನ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೀರಿ, ಫೀಸಿಲ್ಲ, ವಕೀಲರೂ ಬೇಡ.

ಇನ್ನೊಂದು, ಅಪ್ಪನ ಖಾತೆಯಿಂದ ರಾತ್ರಿ ಹನ್ನೊಂದಕ್ಕೆ ಹಿಂದೆ ಯಾವತ್ತಾದ್ರೂ ಅಷ್ಟು ದುಡ್ಡು ಹೋಗಿತ್ತಾ? ಪಾಸ್‌ಬುಕ್ ನೋಡಿ, ಇಲ್ಲಾಂದ್ರೆ ಅದನ್ನೂ ಬರೀರಿ.

ಸುಂಟಿಕೊಪ್ಪದಿಂದ

ದುಡ್ಡು ಹೋಗಿ ಸೇರಿದ ಖಾತೇನೂ ಯಾವುದೋ ಬ್ಯಾಂಕಿಂದೇ ಅಲ್ವಾ ಅಣ್ಣ? ಅದರ ಮಾತೇ ಯಾರೂ ಎತ್ತಲ್ಲ. ನಮ್ಮ ಪಕ್ಕದ ತೋಟದ ಲೈನ್‌ಮನೆ ಹುಡುಗ ಮೂರು ಸಾವಿರಕ್ಕೆ ಎಟಿಎಂ ಕಾರ್ಡು ಸಿಮ್ಮು ಯಾರಿಗೋ ಕೊಟ್ಟಿದ್ದ, ಈಗ ಖಾತೆ ಫ್ರೀಜ್ ಆಗಿ ಅವನ ಕೂಲಿ ದುಡ್ಡೂ ಸಿಗ್ತಿಲ್ಲ. ದಿನಕ್ಕೆ ಐನೂರು ಕೂಲಿಯೋನ ಖಾತೇಲಿ ಲಕ್ಷಲಕ್ಷ ಓಡಾಡಿದ್ರೂ ಬ್ಯಾಂಕಿಗೆ ಕಾಣ್ಲಿಲ್ಲ. ನನ್ನ ತಂಗಿ ಇಂಗ್ಲೆಂಡಲ್ಲಿ ನರ್ಸು, ಅಲ್ಲಿ 2024ರ ಅಕ್ಟೋಬರಿಂದ ಮೋಸ ಹೋಗಿ ತಾವೇ ದುಡ್ಡು ಕಳಿಸಿದ್ರೂ 85,000 ಪೌಂಡ್‌ವರೆಗೆ ವಾಪಸ್ ಕೊಡ್ಬೇಕಂತೆ, ಕಳಿಸಿದ ಬ್ಯಾಂಕು ಅರ್ಧ, ತಗೊಂಡ ಬ್ಯಾಂಕು ಅರ್ಧ. ಇಲ್ಲಿ ಎಸ್ಸೆಮ್ಮೆಸ್ಸನ್ನೇ ಇನ್ನೂ ಇಂಗ್ಲಿಷಲ್ಲಿ ಕಳಿಸ್ತಾರೆ. ನಮ್ಮವ್ವ ಅದನ್ನೆಲ್ಲ ‘ರೀಚಾರ್ಜಿನದ್ದು’ ಅಂತ ಅಳಿಸ್ತಿದ್ರು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಸೈನ್ ಹಾಕ್ಲಿಲ್ಲ. ನಮ್ಮದೇ ಕಾಗದ ಕೊಟ್ಟು ಸೀಲ್ ಹಾಕಿಸ್ಕೊಂಡೆ, ಅರ್ಧ ಗಂಟೆ ಕಾಯಿಸಿದ್ರು. 1930ರಲ್ಲಿ ಕೊಟ್ಟ ನಂಬರ್ ಹಿಡ್ಕೊಂಡು ಸೈಬರ್ ಕೇಸು ನೋಡೋ ಮಡಿಕೇರಿ ಸೆನ್ ಪೊಲೀಸ್ ಠಾಣೆಗೂ ಹೋಗಿದ್ದೆ, 46,000 ಇನ್ನೊಂದು ಬ್ಯಾಂಕಲ್ಲಿ ಹೋಲ್ಡ್ ಆಗಿದೆಯಂತೆ, ಮಿಕ್ಕಿದ್ದು ಅದೇ ರಾತ್ರಿ ಎಟಿಎಂನಲ್ಲಿ ತೆಗೆದಿದಾರೆ. ಅಪ್ಪ ಆವತ್ತಿಂದ ಫೋನ್ ಮುಟ್ಟಿಲ್ಲ, ಬೀರುವಲ್ಲಿಟ್ಟು ಬೀಗ ಹಾಕಿದಾರೆ. ಕಾಗದ ಕಳಿಸಿದ ನಂಬರಿನೋರ ಮನೇಲಿ ನಿಜವಾಗ್ಲೂ ಮದುವೆ ಇದೆ ಅನ್ನೋದು ಇವತ್ತು ಗೊತ್ತಾಯ್ತು, ಮುಂದಿನ ಭಾನುವಾರ, ಹೋಗ್ಬೇಕು.