ಪ್ರಶ್ನೋತ್ತರ: ಬೂಡ್ವಾರ್ ಭಾವಚಿತ್ರ ತೆಗೆಸಿಕೊಳ್ಳುವ ಮುನ್ನ

ನಿರ್ವಾಹಕಿ: ಮಲಗುವ ಕೋಣೆಯ ಏಕಾಂತದಲ್ಲಿ, ತಮಗೆ ಒಪ್ಪುವಷ್ಟೇ ಉಡುಪಿನಲ್ಲಿ ಹೆಂಗಸರು ತೆಗೆಸಿಕೊಳ್ಳುವ ಬೂಡ್ವಾರ್ ಭಾವಚಿತ್ರಗಳ ಬಗ್ಗೆ ಬೆಂಗಳೂರಿನ ಛಾಯಾಗ್ರಾಹಕಿಯೊಬ್ಬರು ಈ ವಾರ ಉತ್ತರಿಸುತ್ತಾರೆ. ಹೆಸರು ಬೇಡ, ಊರನ್ನಷ್ಟೇ ಬರೆಯಿರಿ.

ದಾವಣಗೆರೆ: ಮೇಡಂ, ಎರಡು ಹೆರಿಗೆಯಾದ ಮೇಲೆ ಹೊಟ್ಟೆ ಇಳಿದಿಲ್ಲ. ತೂಕ ಇಳಿಸಿಕೊಂಡೇ ಬರಬೇಕೇ?

ಛಾಯಾಗ್ರಾಹಕಿ: ಬೇಕಿಲ್ಲ.

ಮಂಗಳೂರು: ಫೋನಿನಲ್ಲಿ ತೆಗೆದ ನನ್ನ ಯಾವ ಚಿತ್ರವೂ ನನಗೆ ಹಿಡಿಸುವುದಿಲ್ಲ. ನಿಮ್ಮ ಕ್ಯಾಮೆರಾದಲ್ಲಿ ಬೇರೆ ಥರ ಬರುತ್ತದೆಯೇ? ದರ ಎಷ್ಟು?

ಛಾಯಾಗ್ರಾಹಕಿ: ಸೆಲ್ಫಿಯಲ್ಲಿ ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರವಿರುವುದರಿಂದ ಮೂಗು ಹಿಗ್ಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ನಾನು 85 ಮಿ.ಮೀ. ಲೆನ್ಸ್ ಹಾಕಿಕೊಂಡು ಏಳೆಂಟು ಅಡಿ ದೂರ ನಿಲ್ಲುತ್ತೇನೆ. ಅದಲ್ಲದೆ, ನಿಮಗೆ ರೂಢಿಯಾಗಿರುವುದು ಕನ್ನಡಿಯಲ್ಲಿ ಎಡಬಲ ಅದಲುಬದಲಾದ ಮುಖ. 1977ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೆಚ್ಚಿನ ಹೆಂಗಸರು ತಮ್ಮ ಕನ್ನಡಿ ರೂಪದ ಚಿತ್ರವನ್ನು ಮೆಚ್ಚಿದರೆ, ಅವರ ಗೆಳತಿಯರು ನೇರ ಚಿತ್ರವನ್ನೇ ಮೆಚ್ಚಿದ್ದರು.

ಮೈಸೂರು: ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಮೂರು ದಿನ ಹಚ್ಚಿದರೆ ಹೆರಿಗೆಯ ಗೆರೆಗಳು ಮಾಯವಾಗುತ್ತವೆ ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲಿ.

ಛಾಯಾಗ್ರಾಹಕಿ: ಮಾಯವಾಗುವುದಿಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಏಳಬಹುದು. ಇಂಥವನ್ನು ಇಲ್ಲಿಗೆ ಕಳಿಸಬೇಡಿ.

ಶಿವಮೊಗ್ಗ: ಕ್ಯಾನ್ಸರ್ ಬಂದು ಕಳೆದ ವರ್ಷ ನನ್ನ ಎಡ ಸ್ತನವನ್ನು ತೆಗೆದರು, ವಿಕಿರಣ ಚಿಕಿತ್ಸೆಯೂ ಆಯಿತು. ಅಂದಿನಿಂದ ಬಚ್ಚಲುಮನೆಯ ಕನ್ನಡಿಗೆ ಟವೆಲು ಹೊದಿಸಿದ್ದೇನೆ. ಚಿತ್ರ ತೆಗೆಸಿಕೊಂಡರೆ ಈ ಅಳುಕು ಹೋದೀತೇ?

ಛಾಯಾಗ್ರಾಹಕಿ: ಹೋಗಿಯೇ ಹೋಗುತ್ತದೆಂದು ಮಾತು ಕೊಡಲಾರೆ. ಆದರೆ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಬೇರೆಯವರು ಹೇಳಿದಂತೆ ಮೈ ತೋರಿಸಿದವರಿಗೆ, ಎಷ್ಟು ತೋರಿಸಬೇಕು, ಯಾವಾಗ ಸಾಕು ಎಂಬುದನ್ನು ತಾವೇ ಹೇಳುವ ಅವಕಾಶ ಸಿಕ್ಕಾಗ ಬೆನ್ನು ನೆಟ್ಟಗಾಗುವುದನ್ನು ನೋಡಿದ್ದೇನೆ. ಮೊದಲು ನಿಮ್ಮದೇ ಹತ್ತಿ ಸೀರೆಯಲ್ಲಿ ಕೈ, ಕತ್ತು, ಬೆನ್ನುಗಳಿಂದ ತೊಡಗುತ್ತೇವೆ. ನಾಲ್ಕೈದು ಚಿತ್ರಕ್ಕೊಮ್ಮೆ ಕ್ಯಾಮೆರಾವನ್ನು ನಿಮ್ಮ ಕೈಗೇ ಕೊಡುತ್ತೇನೆ, ಬೇಡವಾದದ್ದನ್ನು ನೀವೇ ಅಳಿಸುತ್ತೀರಿ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದರೆ ಗಾಯದ ಗುರುತಿನ ಏರುತಗ್ಗು ಎದ್ದು ಕಾಣುತ್ತದೆ, ತೆಳ್ಳನೆಯ ಬಿಳಿ ಪರದೆಯ ಮೂಲಕ ಎದುರಿನಿಂದ ಬಂದರೆ ಮೆತ್ತಗಾಗುತ್ತದೆ; ಯಾವುದು ಬೇಕೆಂಬುದು ನಿಮ್ಮ ತೀರ್ಮಾನ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ದರೆ ಆ ಕಡೆಯ ತೋಳು ಊದಿಕೊಳ್ಳುವ ಸಂಭವವಿರುವುದರಿಂದ ಎಡ ಮೊಣಕೈಯ ಮೇಲೆ ಭಾರ ಹಾಕುವ ಭಂಗಿಗಳನ್ನು ಬಿಡುತ್ತೇನೆ. ವಿಕಿರಣ ಬಿದ್ದ ಚರ್ಮಕ್ಕೆ ವೈದ್ಯರನ್ನು ಕೇಳದೆ ಟೇಪನ್ನಾಗಲಿ ಮೇಕಪ್ಪನ್ನಾಗಲಿ ತಾಗಿಸುವಂತಿಲ್ಲ. ಕಂಪ್ಯೂಟರಿನಲ್ಲಿ ಎದೆಯನ್ನು ತುಂಬಿಸಿಕೊಡಿ ಎಂದು ಕೇಳುವವರಿದ್ದಾರೆ; ಅಂಥ ಚಿತ್ರ ಮನೆಯ ಕನ್ನಡಿಯೊಂದಿಗೆ ಜಗಳವಾಡುತ್ತದೆ, ನಾನು ಮಾಡಿಕೊಡುವುದಿಲ್ಲ. ನಿದ್ದೆ, ಊಟ ಕೆಟ್ಟಿದ್ದರೆ ಮೊದಲು ಆಪ್ತಸಮಾಲೋಚಕರನ್ನು ಕಾಣಿರಿ, ಚಿತ್ರ ಆಮೇಲೆ.

ತುಮಕೂರು: ಮರ್ಯಾದಸ್ಥ ಮನೆತನದ ಹೆಂಗಸರಿಗೆ ಈ ಪಾಶ್ಚಾತ್ಯ ಗೀಳು ಏಕೆ ಬೇಕು?

ಧಾರವಾಡ: ಬೇಲೂರಿನ ದೇವಸ್ಥಾನ 1117ರಷ್ಟು ಹಳೆಯದು. ಅಲ್ಲಿನ ದರ್ಪಣ ಸುಂದರಿ ಯಾವ ಪಶ್ಚಿಮದಿಂದ ಬಂದಳು?

ತುಮಕೂರು: ಅದು ಕಲೆ, ಇದು ಪ್ರದರ್ಶನ. ವ್ಯತ್ಯಾಸ ತಿಳಿಯದವರೊಡನೆ ವಾದವೇಕೆ?

ಧಾರವಾಡ: ಪ್ರದರ್ಶನಕ್ಕೆ ಇಟ್ಟಿರುವುದು ಆ ಕಲ್ಲನ್ನು, ಈ ಚಿತ್ರಗಳು ಬೀರುವಿನಲ್ಲಿರುತ್ತವೆ. ಮೊದಲು ಮೇಲಿನದನ್ನು ಓದಿ.

ಹಾಸನ: ಇಬ್ಬರೂ ದೇವಸ್ಥಾನವನ್ನು ಇದಕ್ಕೆ ಎಳೆಯಬೇಡಿ. ಮೇಡಂ, ಕಪ್ಪು ಮೈಬಣ್ಣಕ್ಕೆ ಯಾವ ಬಣ್ಣದ ಹಿನ್ನೆಲೆ ಒಪ್ಪುತ್ತದೆ?

ರಾಯಚೂರು: ತೂಕ ಎಷ್ಟಿರಬೇಕು ಮೇಡಂ?

ಛಾಯಾಗ್ರಾಹಕಿ: ದಾವಣಗೆರೆಯವರಿಗೆ ಕೊಟ್ಟ ಉತ್ತರವನ್ನು ಓದಿ.

ಮೈಸೂರು: ಸ್ಟುಡಿಯೋಗೆ ಹೋಗುವುದೇ ಬೇಡವಂತೆ, ಆ್ಯಪ್‌ಗೆ ನಮ್ಮ ಮುಖ ಹಾಕಿದರೆ ಉಚಿತವಾಗಿ ಬೂಡ್ವಾರ್ ಚಿತ್ರ ಬರುತ್ತದಂತೆ.

ಛಾಯಾಗ್ರಾಹಕಿ: ಮತ್ತೆ ಫಾರ್ವರ್ಡ್! ನಿಮ್ಮ ಮುಖಕ್ಕೆ ಬೇರೊಂದು ಮೈ ಅಂಟಿಸಿದ ಚಿತ್ರ ಯಾರದೋ ಸರ್ವರಿನಲ್ಲಿ ಉಳಿಯುತ್ತದೆ. ಅದರಿಂದ ನಿಮ್ಮ ಮೈಯ ಬಗ್ಗೆ ನಿಮಗೆ ಯಾವ ಧೈರ್ಯ ಬರುತ್ತದೆ?

ಮೈಸೂರು: ಒಳ್ಳೆಯದಕ್ಕೆ ಹೇಳಿದರೂ ಬೈಗುಳವೇ.

ಬೆಂಗಳೂರು: ಮದುವೆ ನಿಶ್ಚಯವಾಗಿದೆ. ಹುಡುಗ ತಾನೇ ಹಣ ಕೊಟ್ಟು ನನ್ನ ಬೂಡ್ವಾರ್ ಚಿತ್ರ ತೆಗೆಸುತ್ತಾನಂತೆ. ಎಲ್ಲ ಫೈಲುಗಳೂ ತನ್ನ ಡ್ರೈವಿಗೇ ಬರಬೇಕಂತೆ. ಒಪ್ಪದಿದ್ದರೆ ನನ್ನ ಮೇಲೆ ನಂಬಿಕೆಯಿಲ್ಲವೇ ಎನ್ನುತ್ತಾನೆ.

ಛಾಯಾಗ್ರಾಹಕಿ: ನಾನಾದರೆ ಇದನ್ನು ಒಪ್ಪಿಕೊಳ್ಳುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಭಾವಚಿತ್ರ ತೆಗೆಸಿದವರೇ ಅದರ ಮೊದಲ ಹಕ್ಕುದಾರರು, ಅಂದರೆ ನೀವಲ್ಲ, ಅವರು. ಚಿತ್ರ ತೆಗೆಯಲು ಮಾತ್ರ ಒಪ್ಪಿ ಹಂಚಲು ಒಪ್ಪದಿದ್ದಾಗ ಹಂಚಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧವಾಗುತ್ತದೆ ನಿಜ. ಆದರೆ ದೂರು ಕೊಡುವ ಹೊತ್ತಿಗೆ ಚಿತ್ರ ಎಲ್ಲೆಲ್ಲಿಗೋ ಹೋಗಿರುತ್ತದೆ. ನಂಬಿಕೆಯ ಪರೀಕ್ಷೆಗೆಂದು ತೆಗೆಸಿಕೊಂಡ ಚಿತ್ರದಲ್ಲಿ ಹೆದರಿಕೆಯೇ ಕಾಣುತ್ತದೆ.

ತುಮಕೂರು: ನಾನು ಹೇಳಿದ್ದೂ ಇದನ್ನೇ ಅಲ್ಲವೇ?

ಛಾಯಾಗ್ರಾಹಕಿ: ಅಲ್ಲ. ಬೆಂಗಳೂರಿನವರೇ, ಮುಂದೆ ನಿಮಗೇ ಬೇಕೆನಿಸಿದರೆ ಒಬ್ಬರೇ ಬನ್ನಿ ಅಥವಾ ಗೆಳತಿಯನ್ನು ಕರೆತನ್ನಿ. ರಸೀದಿ ನಿಮ್ಮ ಹೆಸರಿನಲ್ಲಿರಲಿ, ನನ್ನ ಬಳಿ ಪ್ರತಿ ಉಳಿಯುವುದಿಲ್ಲವೆಂದು ಬರೆಸಿಕೊಳ್ಳಿ, ಫೈಲುಗಳನ್ನು ನಿಮ್ಮದೇ ಪೆನ್‌ಡ್ರೈವಿನಲ್ಲಿ ಕೊಂಡೊಯ್ಯಿರಿ.