ಪದ ಬೇಕು, ಇವತ್ತೇ: ಜೇನು ಕುಟುಂಬದ ‘ಡಿವಿಜನ್’ಗೆ

ಮೂಡಿಗೆರೆಯಿಂದ:
ನಾಳೆ ನಮ್ಮಲ್ಲಿ ತುಡುವೆ ಜೇನು ಸಾಕುವವರಿಗೆ ತರಬೇತಿ ಇದೆ. ಬ್ಯಾನರ್ ಸಂಜೆ 6ಕ್ಕೆ ಪ್ರಿಂಟಿಗೆ ಹೋಗಬೇಕು. ಬಂದ ಕರಡಿನಲ್ಲಿ ‘ಕುಟುಂಬ ವಿಭಜನೆ ಮತ್ತು ರಾಣಿ ಪರಿಚಯ’ ಅಂತಿದೆ. ಅಂದರೆ ಒಂದು ಪೆಟ್ಟಿಗೆಯ ಜೇನನ್ನು ಎರಡು ಮಾಡುವುದು, ಹೊಸ ಪೆಟ್ಟಿಗೆಗೆ ರಾಣಿಜೇನು ಕೊಡುವುದು. ಮೊದಲನೆಯದು ಕೋರ್ಟಿನ ದಾವೆ ಥರ, ಎರಡನೆಯದು ಶಾಲೆಯ ಪಾಠದ ಥರ ಕೇಳಿಸುತ್ತದೆ. ಬೇರೆ ಮಾತು ಇದೆಯಾ?

ಹಾಸನದಿಂದ:
‘ವಿಭಜನೆ’ ಬೇಡ. ಹಳಗನ್ನಡದ ‘ಪಸುಗೆ’ ಇದೆ, ಈಗ ‘ಹಸುಗೆ’. ‘ಜೇನುಹಸುಗೆ’ ಅಂತ ಬರೆಯಿರಿ. ‘ಕುಟುಂಬ’ವನ್ನೂ ತೆಗೆಯಿರಿ, ‘ಒಕ್ಕಲು’ ಸಾಕು.

ಸಕಲೇಶಪುರದಿಂದ:
ಹಸುಗೆ ಅಂದ್ರೆ ಜನ ಹಸು ಹೊಡೆದುಕೊಂಡು ಬರುತ್ತಾರೆ ಮಾರಾಯ್ರೇ. ಪೆಟ್ಟಿಗೆ ಇಟ್ಟವರನ್ನು ಕೇಳಿ, ‘ಪಾಲು’ ಅನ್ನುತ್ತಾರೆ. ಜೇನು ತಾನೇ ಒಡೆದು ಒಂದು ಭಾಗ ಎದ್ದು ಹೋದರೆ ‘ಪಾಲಾಯಿತು’. ನಾವು ಬಿಡಿಸಿದರೆ ‘ಪಾಲು ಮಾಡಿದೆ’. ನಿಮ್ಮ ಹಸುಗೆಯ ಬೇರಿನದೇ ಪದ, ಎರವಲೂ ಅಲ್ಲ. ಇನ್ನೇನು ಬೇಕು?

‘ಪರಿಚಯ’ ಮಾತ್ರ ಖಂಡಿತ ತಪ್ಪು. ಹೋದ ವರ್ಷ ಪಾಲು ಮಾಡಿ, ಮೊಟ್ಟೆ ಇದ್ದ ಮೂರು ಎರಿಯನ್ನು (ಜೇನು ಕಟ್ಟಿದ ಮೇಣದ ಹಲ್ಲೆ) ಹುಳು ಸಮೇತ ಹೊಸ ಪೆಟ್ಟಿಗೆಗೆ ಹಾಕಿದೆ. ಸುಮ್ನೆ ಬಿಟ್ಟಿದ್ದರೆ ಎರಡು ವಾರದಲ್ಲಿ ತಾವೇ ರಾಣಿ ಬೆಳೆಸಿಕೊಳ್ಳುತ್ತಿದ್ದವು. ನನಗೆ ಅವಸರ. ಬೇರೆ ಕಡೆಯಿಂದ ತಂದ ರಾಣಿಯನ್ನು ಸೀದಾ ಒಳಗೆ ಬಿಟ್ಟೆ. ಹುಳುಗಳು ಮುತ್ತಿ ಅಡಿಕೆಕಾಯಿ ಗಾತ್ರದ ಉಂಡೆ ಕಟ್ಟಿದವು. ಬಿಡಿಸುವಷ್ಟರಲ್ಲಿ ಸತ್ತಿತ್ತು. ವಾಸನೆ ಬೇರೆ, ಅಷ್ಟೇ ಅದರ ತಪ್ಪು. ಬಲೆಗೂಡಿನಲ್ಲಿ, ಅಂದ್ರೆ ಬಲೆಯ ಪುಟ್ಟ ಡಬ್ಬಿಯಲ್ಲಿ, ಹಾಕಿ 2-3 ದಿನ ಎರಿಗಳ ನಡುವೆ ಇಟ್ಟಿದ್ದರೆ ವಾಸನೆ ಬೆರೆತು ಒಪ್ಪುತ್ತಿದ್ದವೇನೋ. ಹಾಗಾಗಿ ‘ರಾಣಿ ಒಗ್ಗಿಸುವುದು’ ಅನ್ನಿ.

ಹಾಸನದಿಂದ:
‘ಒಗ್ಗಿಸು’ ಆಗಬಹುದು. ‘ರಾಣಿ’ ಬೇಡ. ಅದು ‘ರಾಜ್ಞಿ’ಯಿಂದ ಇಳಿದು ಬಂದದ್ದು. ಹಳಗನ್ನಡದಿಂದಲೂ ‘ಅರಸಿ’ ಇರುವಾಗ ಅದು ಯಾಕೆ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಈ ಗತಿ ಬಂದಿದೆ.

ಸಕಲೇಶಪುರದಿಂದ:
‘ಅರಸಿ’ ಅಂದ್ರೆ ‘ಹುಡುಕಿ’ ಅಂತಲೂ ಆಗುತ್ತದೆ ಅಲ್ವಾ? ‘ಹೊಸ ಅರಸಿ ಒಗ್ಗಿಸುವುದು’ ಅಂತ ಓದಿದವನು ಏನನ್ನು ಅರಸಬೇಕು? ತೋಟದಲ್ಲಿ ಯಾರೂ ಜೇನಿಗೆ ಅರಸಿ ಅಂದದ್ದು ನಾನು ಕೇಳಿಲ್ಲ.

ಹಾಸನದಿಂದ:
ಕೇಳದಿದ್ದರೆ ಕೇಳಿಸಬೇಕು. ಪದ ತಾನಾಗಿ ಬರುವುದಿಲ್ಲ.

ಮೂಡಿಗೆರೆಯಿಂದ:
ಸಾರ್, 6 ಆಯಿತು. ‘ಜೇನು ಪಾಲು ಮಾಡುವುದು, ಹೊಸ ರಾಣಿ ಒಗ್ಗಿಸುವುದು’ ಅಂತ ಕಳಿಸಿಬಿಟ್ಟೆ. ‘ಬಲೆಗೂಡು’ ಎಲ್ಲರಿಗೂ ತಿಳಿಯುತ್ತದಾ? ಅದು ಒಳಗಿನ ಕೈಹಾಳೆಗೆ ಬೇಕು. ಬೆಳಿಗ್ಗೆವರೆಗೆ ಸಮಯ ಇದೆ.