ಪಿಕಾಸಿಗೆ ಮ್ಯಾಗ್ನೆಟ್ ಭದ್ರವಾಗಿ ಕೂರಿಸೋದು ಹೇಗೆ?

ಕೆಂಪುಮಣ್ಣು:
ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಸುತ್ತ ಮೈನರ್ಸ್ ರೈಟ್ (ಖನಿಜ ಹುಡುಕೋ ಪರವಾನಗಿ) ಮೇಲೆ ಚಿನ್ನ ಹುಡುಕೋದಕ್ಕೆ ಪಿಕಾಸಿ ಸಿದ್ಧ ಮಾಡ್ತಿದ್ದೀನಿ. ಹಳೇ ಗಣಿ ಜಾಗ, ನೆಲದ ತುಂಬ ಬೂಟಿನ ಮೊಳೆ, ತಂತಿ ಚೂರು, ಡಬ್ಬಿ ತಗಡು. ನನ್ನ ಮೆಟಲ್ ಡಿಟೆಕ್ಟರ್ ಪಲ್ಸ್ ಇಂಡಕ್ಷನ್ ಬಗೆಯದು, ಕಬ್ಬಿಣ ಯಾವುದು ಅಂತ ನಂಬೋ ಹಾಗೆ ಹೇಳಲ್ಲ. ಅಗೆದ ಮಣ್ಣಿಂದ ಕಬ್ಬಿಣದ ಚೂರು ಎತ್ತೋಕೆ ಪಿಕಾಸಿಗೆ ನಿಯೋಡೈಮಿಯಂ ಮ್ಯಾಗ್ನೆಟ್ ಹಾಕಬೇಕು. ಯಾವ ಸೈಜು, ಎಲ್ಲಿ? ಸೂಪರ್ ಗ್ಲೂ ಸಾಕಾ, ಸ್ಕ್ರೂ ಬೇಕಾ?

ಲೇತ್‌ಮನೆ:
ಸೂಪರ್ ಗ್ಲೂ ಬೇಡವೇ ಬೇಡ ಸರ್. ಒಣಗಿದ ಮೇಲೆ ಪೆಡಸಾಗುತ್ತೆ, ಕಲ್ಲಿಗೆ ಬಿದ್ದ ಏಟಿನ ಅದುರಿಗೆ ಬಿಟ್ಟುಕೊಳ್ಳುತ್ತೆ. ಎಪಾಕ್ಸಿ ಅದಕ್ಕಿಂತ ಮೇಲು. ಆದರೆ ಅದು ಹಿಡಿದಿರೋದು ಮ್ಯಾಗ್ನೆಟ್ ಮೇಲಿನ ನಿಕ್ಕಲ್ ಲೇಪನವನ್ನ ಮಾತ್ರ, ಲೇಪನ ಸುಲಿದರೆ ಮ್ಯಾಗ್ನೆಟ್ಟೂ ಹೋಯ್ತು. ಭಾರ ಹೊರಬೇಕಾದ್ದು ಬೋಲ್ಟು, ಎಪಾಕ್ಸಿ ಅಡಿಯ ಮೆತ್ತೆ ಅಷ್ಟೇ.

25 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಎನ್42 (ಮ್ಯಾಗ್ನೆಟ್ಟಿನ ಶಕ್ತಿಯ ಗ್ರೇಡ್) ಬಿಲ್ಲೆ ತಗೊಳ್ಳಿ, ನಡುವೆ ಎಂ5 ಬೋಲ್ಟಿನ ಕೌಂಟರ್‌ಸಂಕ್ ತೂತು, ಅಂದರೆ ಬೋಲ್ಟಿನ ತಲೆ ಒಳಗೆ ಕೂರುವಂಥದ್ದು ಇರೋದು. ಅಗಲ ಅಲಗಿನ ಹೊರಮೈಯಲ್ಲಿ, ಕಾವು (ಮರದ ಹಿಡಿ) ಕೂರುವ ಕಣ್ಣಿಗೆ ಆದಷ್ಟು ಹತ್ತಿರ ಗುರುತು ಹಾಕಿ. ಅಲ್ಲಿ ಉಕ್ಕು ದಪ್ಪ, ಮಣ್ಣಿನ ಉಜ್ಜಾಟವೂ ಕಡಿಮೆ. ಅಂಚಿನ ಕಡೆ ಹದ ಕೊಟ್ಟಿರೋದರಿಂದ ಡ್ರಿಲ್ ಬಿಟ್ ಸುಟ್ಟುಹೋಗುತ್ತೆ. ಕಣ್ಣಿನ ಗೋಡೆಗೇ ತೂತು ಹೊಡೆಯಬೇಡಿ, ಬೋಲ್ಟಿನ ತುದಿ ಒಳಗೆ ಚಾಚಿದರೆ ಕಾವು ಸರಿಯಾಗಿ ಕೂರಲ್ಲ.

ಮೊದಲು 3 ಮಿ.ಮೀ., ಆಮೇಲೆ 5.5 ಮಿ.ಮೀ. ಬಿಟ್, ನಿಧಾನದ ವೇಗ, ಎಣ್ಣೆ ಬಿಡ್ತಾ ಇರಿ. ಪೇಂಟ್ ಕೆರೆದು 80 ನಂಬರ್ ಎಮರಿ ಪೇಪರ್ ಹಾಕಿ, ಅಸಿಟೋನಲ್ಲಿ ಒರೆಸಿ, ತೆಳ್ಳಗೆ ಎಪಾಕ್ಸಿ ಸವರಿ. ಸ್ಟೇನ್‌ಲೆಸ್ ಬೋಲ್ಟು, ಹಿಂದೆ ನೈಲಾಕ್ ನಟ್ (ಅದುರಿಗೆ ಸಡಿಲವಾಗದ ನೈಲಾನ್ ಬಳೆಯ ನಟ್). ಬಿಗಿ ಸಾಕು ಅನ್ನೋ ಹೊತ್ತಿಗೆ ನಿಲ್ಲಿಸಿ, ಜಾಸ್ತಿ ತಿರುಗಿಸಿದರೆ ಬಿಲ್ಲೆ ಸೀಳುತ್ತೆ. 24 ಗಂಟೆ ಮುಟ್ಟಬೇಡಿ.

ಪಿಕಾಸಿಗೆ ವೆಲ್ಡಿಂಗ್ ಕೆಲಸ ಇದ್ದರೆ ಮೊದಲೇ ಮುಗಿಸಿ. ಸಾಧಾರಣ ಎನ್ ಗ್ರೇಡ್ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳ್ಕೊಳ್ಳುತ್ತೆ, ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರಲ್ಲ.

ಕಬ್ಬಿಣಕಲ್ಲು:
ಉಕ್ಕಿನ ಬಟ್ಟಲೊಳಗೆ ಕೂರಿಸಿದ ಪಾಟ್ ಮ್ಯಾಗ್ನೆಟ್ ನೋಡಿ ಮರುಳಾಗಬೇಡಿ. ಅಂಗಡಿಯವರು ಹೇಳೋ ಕಿಲೋ ಲೆಕ್ಕ ಮೈಗೆ ಮೈ ತಾಗಿದಾಗಿನದು, ಸೆಂಟಿಮೀಟರ್ ದೂರಕ್ಕೆ ಅದರ ಸೆಳೆತ ತೀರಾ ಕಮ್ಮಿ. ಮಣ್ಣಿನೊಳಗಿನ ಮೊಳೆ ಎಳೆಯೋಕೆ ದಪ್ಪ ಬರೀ ಬಿಲ್ಲೆಯೇ ಸರಿ.

ಆ ಕಡೆಯ ಮಣ್ಣಲ್ಲಿ ಕಬ್ಬಿಣದ ಹರಳು ವಿಪರೀತ, ಮ್ಯಾಗ್ನೆಟ್ಟಿಗೆ ಗಡ್ಡ ಬೆಳೆದ ಹಾಗೆ ಮೆತ್ತಿಕೊಳ್ಳುತ್ತೆ. ಕಾರಿನ ಹಳೇ ಟ್ಯೂಬಿಂದ ಒಂದು ತುಂಡು ಕತ್ತರಿಸಿ ಅಲಗಿಗೆ ತೋಳಿನ ಹಾಗೆ ತೊಡಿಸಿ. ಅದನ್ನ ಪಕ್ಕಕ್ಕೆ ಜಾರಿಸಿದರೆ ಎಲ್ಲ ಉದುರುತ್ತೆ, ಲೇಪನವೂ ಉಳಿಯುತ್ತೆ.

ಇನ್ನೊಂದು ಮಾತು, ಇದನ್ನ ಬಹಳ ಜನ ಮರೀತಾರೆ. ಮ್ಯಾಗ್ನೆಟ್ಟಿಗೆ ಅಂಟಿದ್ದೆಲ್ಲ ಕಸ ಅಲ್ಲ. ಕಬ್ಬಿಣಕಲ್ಲಿಗೆ ಅಂಟಿಕೊಂಡಿರೋ ಚಿನ್ನ ಕಲ್ಲಿನ ಸಮೇತ ಮೇಲೆ ಬರುತ್ತೆ. ಉದುರಿಸಿದ ರಾಶಿಯನ್ನ ಮ್ಯಾಗ್ನೆಟ್‌ನಿಂದ ದೂರ ಇಟ್ಟು ಡಿಟೆಕ್ಟರಿನ ಕಾಯಿಲ್ (ನೆಲದ ಮೇಲೆ ಆಡಿಸೋ ತಟ್ಟೆ) ಆಡಿಸಿ ನೋಡಿ, ಆಮೇಲೆ ಎಸೀರಿ. ಗುಂಡಿಯನ್ನೂ ಇನ್ನೊಮ್ಮೆ ನೋಡಿ, ಮೊಳೆಯ ಸದ್ದಿನಡಿ ಬೇರೆ ಸದ್ದು ಅಡಗಿರಬಹುದು. ಆಗೆಲ್ಲ ಪಿಕಾಸಿ ಕಾಯಿಲ್‌ನಿಂದ ಒಂದೂವರೆ ಮೀಟರ್ ಆಚೆಗಿರಲಿ.

ಕೆಂಪುಮಣ್ಣು:
ತುಂಬ ಥ್ಯಾಂಕ್ಸ್. ಮ್ಯಾಗ್ನೆಟ್ಟನ್ನ ಕಾವಿನ ಬುಡಕ್ಕೆ, ಅಂದರೆ ಕೈ ಹಿಡಿಯೋ ತುದಿಗೆ ಹಾಕಿದ್ರೆ ಬಗ್ಗೋದು ತಪ್ಪುತ್ತಲ್ವಾ?

ಲೇತ್‌ಮನೆ:
ತಪ್ಪುತ್ತೆ. ಆದರೆ ಮರದ ತುದಿಯಲ್ಲಿ ಎಳೆಯ ಉದ್ದಕ್ಕೇ ಸ್ಕ್ರೂ ಇಳಿಯೋದರಿಂದ ಹಿಡಿತ ಕಮ್ಮಿ. 3 ಮಿ.ಮೀ. ತೂತು ಹೊಡೆದು, ಎಪಾಕ್ಸಿ ತುಂಬಿ, 50 ಮಿ.ಮೀ. ಉದ್ದದ ಸ್ಕ್ರೂ ಹಾಕಿ. ಅಗೆಯುವಾಗ ಆ ತುದಿ ಹೊಟ್ಟೆ-ಎದೆಯ ಹತ್ತಿರ ಬರುತ್ತೆ, ಪೇಸ್‌ಮೇಕರ್ ಇರೋರು ಈ ಕೆಲಸಕ್ಕೇ ಹೋಗಬಾರದು.

ಕಬ್ಬಿಣಕಲ್ಲು:
ಕರಿ ಸಿಪ್ಪೆಯ, ತುಂಬ ಭಾರದ ಕಲ್ಲು ಸಿಕ್ಕಿದರೆ ಮ್ಯಾಗ್ನೆಟ್ ತಾಗಿಸಬೇಡಿ. ಉಲ್ಕಾಶಿಲೆ ಆಗಿದ್ದರೆ ಅದರೊಳಗೆ ಉಳಿದಿರೋ ಮೂಲ ಕಾಂತೀಯ ಗುರುತು ಅಳಿಸಿಹೋಗುತ್ತೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಉಲ್ಕಾಶಿಲೆ ಸರ್ಕಾರದ ಸ್ವತ್ತು, ಸಿಕ್ಕಿದ ಜಾಗದ ಜಿಪಿಎಸ್ ಬರೆದುಕೊಂಡು ವೆಸ್ಟರ್ನ್ ಆಸ್ಟ್ರೇಲಿಯನ್ ಮ್ಯೂಸಿಯಂಗೆ ಒಪ್ಪಿಸಬೇಕು.